ಆನೆಯ ತಲೆಬುರುಡೆ ಮತ್ತು ಗುಂಡಿನ ದಪ್ಪ

ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ಕೇಳುಗರು ನಮ್ಮನ್ನು ಆಗಾಗ ಕೇಳ್ತಾರೆ: ಆಫೀಸಿನಲ್ಲಿ ಜೊತೆಗಿರೋರು ಆಫ್ರಿಕಾಕ್ಕೆ ಬೇಟೆಗೆ ಹೊರಟಿದ್ದಾರೆ, ಊಟದ ಹೊತ್ತಿಗೆಲ್ಲ ಕ್ಯಾಲಿಬರ್ ಮಾತೇ, ಏನದು? ಟೆಕ್ಸಸ್‌ಗೆ ಇದು ಹೊಸದಲ್ಲ. 2014ರ ಜನವರಿಯಲ್ಲಿ ಡಲ್ಲಸ್ ಸಫಾರಿ ಕ್ಲಬ್, ನಮೀಬಿಯಾದಲ್ಲಿ ಒಂದು ಕಪ್ಪು ಖಡ್ಗಮೃಗವನ್ನು ಬೇಟೆಯಾಡುವ ಪರವಾನಗಿಯನ್ನು 3,50,000 ಡಾಲರಿಗೆ ಹರಾಜು ಹಾಕಿತ್ತು. ಅದು ಸರಿಯೋ ತಪ್ಪೋ, ಇನ್ನೊಂದು ಸಂಚಿಕೆಗಿರಲಿ. ಇವತ್ತು ಗುಂಡು ಮತ್ತು ಪ್ರಾಣಿಯ ದೇಹದ ಲೆಕ್ಕ ಮಾತ್ರ.

ಕ್ಯಾಲಿಬರ್ ಅಂದ್ರೆ ಸುಮಾರಾಗಿ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ. ತೇಜಸ್ವಿಯವರ 'ಕಾಡಿನ ಕತೆಗಳು' ಓದಿದವರಿಗೆ ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಗೊತ್ತು. ಅವರ ಕೈಯಲ್ಲಿದ್ದದ್ದು ಪಾಯಿಂಟ್ 405 ವಿಂಚೆಸ್ಟರ್. ಆಫ್ರಿಕಾದ ಬೇಟೆಗಾರರು ಇವತ್ತಿಗೂ ನೆಚ್ಚಿಕೊಂಡಿರೋದು 1912ರಲ್ಲಿ ಬಂದ ಪಾಯಿಂಟ್ 375. ಎರಡರ ಗುಂಡೂ ಸಾಮಾನ್ಯವಾಗಿ 19 ಗ್ರಾಂ ಚಿಲ್ಲರೆ. ದಪ್ಪನೆಯದೇ ಜೋರು ಅಲ್ವಾ? ಅಲ್ಲ. ತೂಕವನ್ನು ಗುಂಡಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿ ನೋಡಿ: 405ಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 23 ಗ್ರಾಂ, 375ಕ್ಕೆ 27. ಗಟ್ಟಿ ನೆಲಕ್ಕೆ ಹಾರೆ ಇಳಿದ ಹಾಗೆ ಗೂಟ ಇಳಿಯಲ್ಲ, ಹಾಗೆ. ಜೊತೆಗೆ 375ರ ವೇಗವೂ ಹೆಚ್ಚು.

ಈಗ ಒಂದು ಸೋಜಿಗ. ಕರಮೋಜೋ ಬೆಲ್ ಎಂದೇ ಹೆಸರಾದ ಡಬ್ಲ್ಯು.ಡಿ.ಎಂ. ಬೆಲ್ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದರು, ಬಹುಪಾಲನ್ನು 7 ಮಿಲಿಮೀಟರಿನ ಸಣ್ಣ ಮೌಸರ್ ರೈಫಲ್ಲಿನಿಂದ. ಅದರ ಉದ್ದನೆಯ 11 ಗ್ರಾಂ ಗುಂಡಿಗೆ ಅದೇ ಭಾಗಾಕಾರ ಮಾಡಿದರೆ ಮತ್ತೆ 27! ಹಾಗಾದರೆ ಸಣ್ಣ ರೈಫಲ್ ಸಾಕಲ್ಲ? ಇಲ್ಲೇ ಜನ ಎಡವೋದು. ಬೆಲ್ ಆನೆಯ ತಲೆಬುರುಡೆಯನ್ನು ಸೀಳಿಸಿ, ಮಿದುಳು ಎಲ್ಲಿದೆ ಅಂತ ಕಲಿತಿದ್ದರು. ಆನೆಯ ಹಣೆ ದೊಡ್ಡದು, ಆದರೆ ಅದರ ಒಳಗೆ ಬಹುಪಾಲು ಜೇನುಗೂಡಿನಂಥ, ಗಾಳಿ ತುಂಬಿದ ಮೂಳೆ. ಮಿದುಳು ಹಿಂದೆ, ಕೆಳಗೆ ಕೂತಿದೆ. ಆನೆ ತಲೆಯೆತ್ತಿದರೆ ಗುಂಡು ಹೋಗಬೇಕಾದ ದಾರಿಯೇ ಬದಲಾಗುತ್ತೆ. ಗೇಣು ತಪ್ಪಿದರೂ ಗುಂಡು ಆ ಗೂಡಿನಲ್ಲೇ ಹಾದು ಹೋಗುತ್ತೆ. ಬೆಲ್ ತಪ್ಪುತ್ತಿದ್ದದ್ದು ಕಡಿಮೆ. ಬೆಲ್ ಆಗಲು ಹೋಗಿ ಸತ್ತವರು ಪುಸ್ತಕ ಬರೆಯಲಿಲ್ಲ, ಅಷ್ಟೆ.

ಹೃದಯಕ್ಕೆ ಹೊಡೆದರೆ? ಪ್ರಾಣಿ ಸಾಯುತ್ತೆ, ಆದರೆ ಆಗಲೇ ಮಿದುಳಿಗೆ ತಲುಪಿರೋ ಆಮ್ಲಜನಕ ಅದನ್ನು ಹತ್ತು ಸೆಕೆಂಡಾದರೂ ಓಡಿಸಬಹುದು. ಆನೆ ಸೆಕೆಂಡಿಗೆ ಏಳು ಮೀಟರಿನ ಹತ್ತಿರ ಓಡುತ್ತೆ. ನೀವು ನಲವತ್ತು ಮೀಟರಿನಲ್ಲಿದ್ದರೆ ಲೆಕ್ಕ ನೀವೇ ಹಾಕಿ. ಕೊಲ್ಲೋದು ಬೇರೆ, ನಿಲ್ಲಿಸೋದು ಬೇರೆ. ನಮೀಬಿಯಾ ಅತಿ ದೊಡ್ಡ ಪ್ರಾಣಿಗಳಿಗೆ ಕನಿಷ್ಠ 5,400 ಜೂಲ್ ಶಕ್ತಿಯ ಗುಂಡು ಬೇಕು ಅಂತ ಕಾನೂನು ಮಾಡಿರೋದು ಇದಕ್ಕೇ. 375 ಅದನ್ನು ಸ್ವಲ್ಪದರಲ್ಲಿ ದಾಟುತ್ತೆ, ಆಂಡರ್ಸನ್ನರ 405 ದಾಟಲ್ಲ, ಬೆಲ್‌ರ ಮೌಸರ್ ಅರ್ಧಕ್ಕೆ ನಿಲ್ಲುತ್ತೆ. ಆ ಹೆಚ್ಚುವರಿ ಶಕ್ತಿ, ಗುರಿ ಸರಿಯಿದ್ದರೂ ಅಡ್ಡ ಬರೋ ಮೂಳೆಗೆ ಅಂತ ಇಟ್ಟ ಉಳಿತಾಯ.

ಸಾಲದ ಗುಂಡಿನ ಬೆಲೆಯನ್ನು ಯಾವಾಗಲೂ ಬೇಟೆಗಾರನೇ ತೆರೋದಿಲ್ಲ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಮಾಮೂಲಿ ಬೇಟೆ ಹಿಡಿಯಲಾಗದೆ ಅದು ಮನುಷ್ಯರ ಮೇಲೆ ಬಿದ್ದಿತ್ತು ಎಂದು ಕಾರ್ಬೆಟ್ ಬರೆದರು.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಕಾಡಿನಲ್ಲಿ ರೈಫಲ್ಲಿನ ಜಾಗಕ್ಕೆ ಅರಿವಳಿಕೆಯ ಕೋವಿ ಬಂದಿದೆ. ಅಲ್ಲಿ ದಪ್ಪದ ಪ್ರಶ್ನೆಯಿಲ್ಲ, ಔಷಧದ ಪ್ರಮಾಣದ್ದಿದೆ. ನಿಲ್ಲಿಸುವ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಿಸಲು 'ಆನೆ ವೆಂಕಟೇಶ್' ಅರಿವಳಿಕೆ ಹೊಡೆದರು. ಔಷಧ ಕೆಲಸ ಮಾಡಲು ನಿಮಿಷಗಳು ಬೇಕು. ಅಷ್ಟರಲ್ಲಿ ಆನೆ ತಿರುಗಿ ಅಟ್ಟಿಸಿಕೊಂಡು ಬಂತು, ಅವರು ಉಳಿಯಲಿಲ್ಲ.

ಆ ಔಷಧ ಯಾವುದು, ನಾಲ್ಕು ಟನ್ ಪ್ರಾಣಿಗೆ ಎಷ್ಟು ಹನಿ, ಅದನ್ನು ಮತ್ತೆ ಎಬ್ಬಿಸೋದು ಹೇಗೆ? ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.