ತೋಟದ ಗಾಡಿಗೆ ಮನೆಯಂಗಳದ ಸ್ನಾನ

ಮಳೆಗಾಲ ಹತ್ತಿರ ಬಂದಿತೆಂದರೆ ಬೆಳೆಗಾರರಾದ ನಮಗೆ ಕೈತುಂಬ ಕೆಲಸ. ಬಸಿಗಾಲುವೆ ಬಿಡಿಸಬೇಕು, ಹೆಂಚು ಕೈಯಾಡಿಸಬೇಕು, ಸ್ಪ್ರೇಯರಿನ ವಾಷರ್ ಬದಲಿಸಬೇಕು. ಇಷ್ಟರ ನಡುವೆ ಅಂಗಳದಲ್ಲಿ ನಿಂತಿರುವ ಜೀಪು, ಪಿಕಪ್ಪು, ಕಾರುಗಳ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಎಂಜಿನ್ನಿಗೆ ಹೊತ್ತಿಗೆ ಸರಿಯಾಗಿ ಆಯಿಲ್ ಹಾಕಿಸುವವರೂ ತಳ ನೋಡಲು ಬಗ್ಗುವುದಿಲ್ಲ. ಒಂದು ದಿನ ಕಾಲಡಿಯ ಮ್ಯಾಟ್ ಎತ್ತಿದಾಗ ತಗಡು ಕೈಗೆ ಪುಡಿಪುಡಿಯಾಗಿ ಬರುತ್ತದೆ. ಆಮೇಲೆ ವೆಲ್ಡಿಂಗು, ಟಿಂಕರಿಂಗು, ಪೇಂಟು ಎಂದು ಖರ್ಚಿಗೆ ಕೊನೆಯಿಲ್ಲ. ಇದರ ಬಹುಪಾಲನ್ನು ಎರಡು ಬಕೆಟ್ ನೀರು ಮತ್ತು ಒಂದು ಗಂಟೆಯ ಕೆಲಸದಿಂದ ತಪ್ಪಿಸಬಹುದು. ಪೇಟೆಯಲ್ಲಿ ‘ಡಿಟೇಲಿಂಗ್’ ಎಂದು ಬೋರ್ಡು ಹಾಕಿ ಮಾಡುವ ಕೆಲಸದಲ್ಲಿಯೂ ನಮಗೆ ಬೇಕಾದಷ್ಟನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಗಾಡಿಯನ್ನು ತಿನ್ನುವುದು ಯಾವುದು?

ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದುವ ಕ್ರಮ ಎಲ್ಲರಿಗೂ ಗೊತ್ತಿದೆ. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಗಂದು ಬಣ್ಣ ಕೂರುತ್ತದೆ. ಅದು ಮೈಲುತುತ್ತದಲ್ಲಿರುವ ತಾಮ್ರ. ತಾಮ್ರ ಬಂದು ಕೂತಷ್ಟೂ ಅಲಗಿನ ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತ ಕರಗಿಸಲು ಕಬ್ಬಿಣದ ಪಾತ್ರೆ ಕೂಡದೆನ್ನುವುದು ಇದೇ ಕಾರಣಕ್ಕೆ. ಆದರೆ ಅದೇ ಮೈಲುತುತ್ತದ ಚೀಲವನ್ನು ಕಬ್ಬಿಣದ ಗಾಡಿಯಲ್ಲಿ ಹೇರಿಕೊಂಡು ಬರುತ್ತೇವೆ. ಉದುರಿದ ಪುಡಿಯನ್ನು ಅಲ್ಲಿಯೇ ಬಿಡುತ್ತೇವೆ. ಒದ್ದೆ ಕಾಲಿನ ಒಂದು ತುಳಿತ ಸಾಕು, ಚಾಕುವಿಗೆ ಆದದ್ದು ಗಾಡಿಯ ತಳಕ್ಕೂ ಆಗುತ್ತದೆ.

ಎರಡನೆಯದು ಪೊಟ್ಯಾಷ್. ನಾವು ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಡಿಗೆ ಉಪ್ಪಿನ ಹತ್ತಿರದ ಸಂಬಂಧಿ. ಎರಡರಲ್ಲಿಯೂ ಇರುವುದು ಕ್ಲೋರೈಡು. ಸಮುದ್ರ ತೀರದ ಊರುಗಳಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುವುದು ಇದರಿಂದಲೇ. ಗೊಬ್ಬರದ ಚೀಲ ಹೊತ್ತ ಪಿಕಪ್ಪು ಘಟ್ಟದ ಮೇಲಿದ್ದರೂ ಕಡಲ ತೀರದಲ್ಲಿ ನಿಂತಂತೆಯೇ.

ಮೂರನೆಯದು ಕೆಸರು. ಮಡ್‌ಗಾರ್ಡಿನ ಒಳಗೆ, ಚಾಸಿಯ ಸಂದಿಗಳಲ್ಲಿ ಮೆತ್ತಿಕೊಂಡ ಮಣ್ಣು ದಿನಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಆಗುಂಬೆಯಂಥ ಕಡೆಗಳಲ್ಲಿ ಜೂನಿನಲ್ಲಿ ಮೆತ್ತಿದ ಮಣ್ಣು ಸೆಪ್ಟೆಂಬರಿನವರೆಗೂ ಒಣಗುವುದಿಲ್ಲ.

ಹಳೆಯ ಜೀಪಿನ ಕಾಲದಲ್ಲಿ ಇದು ಅಷ್ಟು ದೊಡ್ಡ ವಿಷಯವಾಗಿರಲಿಲ್ಲ. ಮಹೀಂದ್ರ ಕಂಪನಿ 1947ರಲ್ಲಿ ಜೋಡಿಸಲು ಆರಂಭಿಸಿದ ವಿಲ್ಲಿಸ್ ಜೀಪಿಗೆ ಭಾರ ಹೊರುವ ಗಟ್ಟಿ ಚಾಸಿ ಬೇರೆಯೇ ಇತ್ತು. ತಳದ ತಗಡು ತೂತಾದರೆ ತೇಪೆ ಹಾಕಿಸಿ ಓಡಿಸಬಹುದಿತ್ತು. 1983ರಲ್ಲಿ ಬಂದ ಮಾರುತಿ 800 ಮತ್ತು ಅದರ ನಂತರದ ಹೆಚ್ಚಿನ ಕಾರುಗಳಲ್ಲಿ ಹಾಗಿಲ್ಲ. ಅವುಗಳಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ತಳ ತಿಂದುಹೋದರೆ ಗಾಡಿಯ ಬೆನ್ನುಮೂಳೆಯೇ ಹೋದಂತೆ. ತಳದಲ್ಲಿ ಹಾದುಹೋಗುವ ಬ್ರೇಕ್ ಪೈಪೂ ಕಬ್ಬಿಣದ್ದೇ ಎಂಬುದನ್ನು ಮರೆಯಬಾರದು. ಘಾಟಿ ಇಳಿಯುವಾಗ ಅದು ಒಡೆದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಿ ತೊಳೆಯಬೇಕು?

ಹಳ್ಳದಲ್ಲಿ ಇಳಿಸಿ ತೊಳೆಯುವ ರೂಢಿ ನಮ್ಮ ಕಡೆ ಇದೆ. ಇದನ್ನು ಖಂಡಿತ ಬಿಡಬೇಕು. ತಾಮ್ರದ ಅಂಶ ಮೀನುಗಳಿಗೆ ವಿಷ. ಔಷಧಿ ಡಬ್ಬಿ ಹೊತ್ತ ಗಾಡಿಯ ತೊಳೆನೀರು ಕೆಳಗಿನ ಊರಿನವರು ದನಕ್ಕೆ ಕುಡಿಸುವ ನೀರಿಗೆ ಸೇರುತ್ತದೆ. ಬಾವಿಯಿಂದಲೂ ಹಳ್ಳದಿಂದಲೂ ದೂರವಾದ, ಹುಲ್ಲು ಇಲ್ಲವೇ ಜಲ್ಲಿ ಇರುವ ಸಮತಟ್ಟು ಜಾಗ ಒಳ್ಳೆಯದು. ಮರದ ನೆರಳಿರಲಿ, ಆದರೆ ಹಲಸಿನ ಮರದ ನೆರಳು ಬೇಡ. ಕಾಫಿ ಒಣಗಿಸುವ ಕಣದಲ್ಲಿ ತೊಳೆಯುವುದು ಸಲ್ಲದು. ಸೋಪು, ಆಯಿಲ್ಲಿನ ವಾಸನೆ ಮಾಲಿಗೆ ಹಿಡಿಯುತ್ತದೆ.

ನೀರಿನ ಲೆಕ್ಕವೂ ಇರಲಿ. ನಿಮಿಷಕ್ಕೆ 12 ಲೀಟರ್ ಬರುವ ಪೈಪನ್ನು ಅರ್ಧ ಗಂಟೆ ಬಿಟ್ಟರೆ 360 ಲೀಟರ್ ಹೋಯಿತು. ಕ್ರಮವಾಗಿ ಮಾಡಿದರೆ ಮೇಲ್ಭಾಗಕ್ಕೆ ನಾಲ್ಕೈದು ಬಕೆಟ್ ಸಾಕು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತ್ತು. ಮಲೆನಾಡಿನಲ್ಲಿಯೂ ಏಪ್ರಿಲ್ ತಿಂಗಳ ಬಾವಿಯನ್ನು ಕಂಡವರಿಗೆ ಈ ಮಾತು ಅರ್ಥವಾದೀತು.

ತೊಳೆಯುವ ಕ್ರಮ

ಎಂಜಿನ್ನೂ ಬಾನೆಟ್ಟೂ ಪೂರ್ತಿ ತಣ್ಣಗಾಗಲಿ. ಮೊದಲು ತಳ, ನಂತರ ಚಕ್ರ, ಕೊನೆಗೆ ಮೇಲ್ಭಾಗ. ಚಕ್ರದ ಕಮಾನುಗಳೊಳಗೆ ಕೈಹಾಕಿ ಮಣ್ಣಿನ ಹೆಂಟೆ ಬಿಡಿಸಬೇಕು. ಸ್ಪ್ರೇ ಪಂಪನ್ನು ಚೆನ್ನಾಗಿ ತೊಳೆದು ಬರಿಯ ನೀರು ತುಂಬಿ ತಳಕ್ಕೆ ಹೊಡೆಯಬಹುದು. ಆದರೆ ಬೇರಿಂಗು, ರಬ್ಬರ್ ಬೂಟು, ವಯರಿಂಗು ಇರುವಲ್ಲಿ ಹತ್ತಿರದಿಂದ ಜೋರಾಗಿ ಹೊಡೆಯಕೂಡದು. ಈಗಿನ ಗಾಡಿಗಳ ಎಂಜಿನ್ ಕೋಣೆಗಂತೂ ನೀರು ಹೊಡೆಯಲೇಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೇಲ್ಭಾಗಕ್ಕೆ ಎರಡು ಬಕೆಟ್ ಇಟ್ಟುಕೊಳ್ಳಬೇಕು. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೊದಲು ನೀರು ಸುರಿದು ಮರಳು, ಮಣ್ಣು ಇಳಿಸಬೇಕು. ನಂತರ ಮೆತ್ತನೆಯ ಬಟ್ಟೆಯನ್ನು ಸೋಪುನೀರಿನಲ್ಲಿ ಅದ್ದಿ ಮಾಡಿನಿಂದ ಕೆಳಕ್ಕೆ ತೊಳೆಯಬೇಕು. ಒಂದೊಂದು ಭಾಗ ಮುಗಿದಾಗಲೂ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿಯೇ ಮತ್ತೆ ಸೋಪಿಗೆ ಅದ್ದಬೇಕು. ಗೀರು ಬೀಳಿಸುವುದು ಬಟ್ಟೆಯಲ್ಲಿ ಸಿಕ್ಕಿಕೊಂಡ ಮರಳು; ಅದು ಎರಡನೇ ಬಕೆಟ್ಟಿನ ತಳದಲ್ಲಿ ಉಳಿಯುತ್ತದೆ. ಬಟ್ಟೆ ತೊಳೆಯುವ ಪುಡಿ ಬೇಡ, ಅದು ಪೇಂಟಿನ ಮೇಲಿನ ಮೇಣದ ಪದರವನ್ನು ಎಬ್ಬಿಸಿ ಹಾಕುತ್ತದೆ. ತೆಂಗಿನ ನಾರಿನಿಂದ ತಿಕ್ಕುವುದು ಪಾತ್ರೆಗೆ ಸರಿ, ಗಾಡಿಗಲ್ಲ.

ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಮುಂದಿನ ಗಾಜಿನ ಬುಡದಲ್ಲಿಯೂ ಕಾಲುವೆಯಂಥ ಜಾಗವಿದೆ. ಅಲ್ಲಿ ಸಿಲ್ವರ್ ಓಕ್ ಎಲೆ ತುಂಬಿಕೊಂಡರೆ ಮಳೆನೀರು ಗಾಡಿಯೊಳಗೆ ಇಳಿಯುತ್ತದೆ. ತೂತುಗಳನ್ನು ಮರದ ಕಡ್ಡಿಯಿಂದ ಬಿಡಿಸಬೇಕು. ತಂತಿ ಹಾಕಿದರೆ ಪೇಂಟು ಕೆರೆದು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಕಲೆಗಳಿಗೆ ಮನೆಮದ್ದು

ಹಲಸಿನ ಮೇಣಕ್ಕೆ ಅಡಿಗೆಮನೆಯ ಉಪಾಯವೇ ಸರಿ. ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಸೋಪುನೀರಿನಲ್ಲಿ ತೊಳೆಯಬೇಕು. ಹಕ್ಕಿ ಹಿಕ್ಕೆಯ ಮೇಲೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಕಿಟ್ಟರೆ ತಾನೇ ಬಿಡುತ್ತದೆ. ಒಣಗಿದ್ದನ್ನು ಉಗುರಿನಿಂದ ಕೆರೆಯಬಾರದು. ಹಸಿ ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಸುಲಿಯುವ ಕತ್ತಿಯಲ್ಲಿ ಇದನ್ನು ಕಂಡಿದ್ದೇವೆ. ಸೀಟಿನ ಬಟ್ಟೆಗೆ ತಾಗಿದ್ದನ್ನು ಅಂದೇ ತೊಳೆಯಬೇಕು.

ಪೇಂಟಿನ ಮೇಲೆ ಒಣಗಿ ಕೂತ ಬೋರ್ಡೋ ಕಲೆಗೆ ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ ಬಟ್ಟೆಯಲ್ಲಿ ಒತ್ತಿ ಹಿಡಿದರೆ ಸುಣ್ಣವೂ ತಾಮ್ರವೂ ಕರಗುತ್ತವೆ. ಕೂಡಲೇ ಬೇಕಾದಷ್ಟು ನೀರು ಹಾಕಿ ತೊಳೆಯಬೇಕು. ಆದರೆ ಪೇಂಟು ಎದ್ದು ಕಬ್ಬಿಣ ಕಾಣುವ ಜಾಗಕ್ಕೆ ಇದನ್ನು ಹಚ್ಚಬೇಡಿ. ಕರಗಿದ ತಾಮ್ರ ಅಲ್ಲಿಯೇ ಹೋಗಿ ಕೂರುತ್ತದೆ.

ತಳಕ್ಕೆ ಸುಟ್ಟ ಎಂಜಿನ್ ಆಯಿಲ್ ಬಳಿಯುವವರಿದ್ದಾರೆ. ತುಕ್ಕು ತಡೆಯುತ್ತದೆಂಬುದು ಅವರ ನಂಬಿಕೆ. ಆ ಆಯಿಲ್ ರಬ್ಬರ್ ಬುಷ್‌ಗಳನ್ನು ಊದಿಸಿ ಕೆಡಿಸುತ್ತದೆ, ಮಳೆಯಲ್ಲಿ ತೊಳೆದು ತೋಟದ ಮಣ್ಣಿಗೂ ಸೇರುತ್ತದೆ. ಇದಕ್ಕೆಂದೇ ಸಿಗುವ ಅಂಡರ್‌ಕೋಟಿಂಗ್ ಮಾಡಿಸುವುದು ಮೇಲು. ಅದನ್ನು ಕೂಡ ತಳ ಪೂರ್ತಿ ತೊಳೆದು ಒಣಗಿಸಿದ ಮೇಲೆಯೇ ಹಾಕಿಸಬೇಕು. ಒದ್ದೆಯ ಮೇಲೆ ಬಳಿದರೆ ತುಕ್ಕನ್ನು ಒಳಗೆ ಕೂಡಿಹಾಕಿದಂತಾಗುತ್ತದೆ.

ಒಳಭಾಗ

ಬೆಳಗ್ಗೆ ಔಷಧಿ ಡಬ್ಬಿ ಇಟ್ಟ ಸೀಟಿನ ಮೇಲೆಯೇ ಸಂಜೆ ಶಾಲೆಯಿಂದ ಬರುವ ಮಗು ಕೂರುತ್ತದೆ. ಅದೇ ಕೈಯಲ್ಲಿ ತಿಂಡಿಯನ್ನೂ ತಿನ್ನುತ್ತದೆ. ಗಾಡಿಯ ಹೊಳಪಿಗಿಂತ ಮುಖ್ಯವಾದ ವಿಷಯ ಇದು. ಔಷಧಿಯನ್ನು ಸೀಟಿನ ಮೇಲೆ ಇಡಲೇಬಾರದು. ಅಂಚು ಎತ್ತರವಾದ ಒಂದು ಪ್ಲಾಸ್ಟಿಕ್ ತೊಟ್ಟಿಯನ್ನು ಅದಕ್ಕೆಂದೇ ಮೀಸಲಿಟ್ಟು, ಹಿಂದಿನ ಭಾಗದಲ್ಲಿ ಇಡಬೇಕು. ಚೆಲ್ಲಿದರೆ ಕೈಗವಸು ಹಾಕಿಕೊಂಡು, ಮರದ ಹೊಟ್ಟು ಅಥವಾ ಮಣ್ಣು ಹಾಕಿ ಹೀರಿಸಿ, ಸೋಪುನೀರಿನಲ್ಲಿ ಎರಡು ಸಲ ಒರೆಸಬೇಕು. ಆ ಬಟ್ಟೆ ಮತ್ತೆ ಮನೆಯೊಳಗೆ ಬರಬಾರದು. ಮ್ಯಾಟುಗಳನ್ನು ಹೊರಗೆ ತೆಗೆದು ತೊಳೆದು, ಪೂರ್ತಿ ಒಣಗಿಸಿಯೇ ಹಾಕಬೇಕು. ಒದ್ದೆ ಮ್ಯಾಟಿನ ಅಡಿಯಲ್ಲಿಯೇ ತಳ ಕೊಳೆಯುವುದು.

ಒಣಗಿಸುವುದು, ಪಾಲಿಶ್

ತೊಳೆದ ಗಾಡಿಯನ್ನು ಬಿಸಿಲಿನಲ್ಲಿ ಒಣಗಲು ಬಿಟ್ಟರೆ ನೀರಿನ ಕಲೆ ಉಳಿಯುತ್ತದೆ. ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಅಂಗೈ ಆಡಿಸಿದಾಗ ಪೇಂಟು ಮರಳುಕಾಗದದಂತೆ ತರಿತರಿ ಎನಿಸಿದರೆ ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆಯನ್ನು ಸೋಪುನೀರು ಚಿಮುಕಿಸಿ ಹಗುರಾಗಿ ಉಜ್ಜಬೇಕು. ಮುದ್ದೆ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಆಮೇಲೆ ತೆಳ್ಳಗೆ ವ್ಯಾಕ್ಸ್ ಹಚ್ಚಿ ಒರೆಸಬೇಕು. ನೀರು ಚಿಮುಕಿಸಿದಾಗ ಕೆಸುವಿನ ಎಲೆಯ ಮೇಲಿನ ಹಾಗೆ ಹನಿಗಟ್ಟಿ ಜಾರಿದರೆ ಮೇಣ ಇದೆಯೆಂದು ತಿಳಿಯಬೇಕು. ನೀರು ಹರಡಿಕೊಂಡರೆ ಮತ್ತೆ ಹಚ್ಚುವ ಕಾಲ ಬಂದಿದೆ.

ಮುಗಿದ ಮೇಲೆ ಗಾಡಿಯನ್ನು ನಿಧಾನವಾಗಿ ಸ್ವಲ್ಪ ದೂರ ಓಡಿಸಿ ನಾಲ್ಕಾರು ಸಲ ಬ್ರೇಕ್ ಒತ್ತಿ ಒಣಗಿಸಬೇಕು. ಒದ್ದೆ ಡ್ರಮ್ಮಿನ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಕಚ್ಚಿಕೊಂಡಿರುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು ಲೇಸು.

ವರ್ಷದಲ್ಲಿ ಯಾವಾಗ?

ಮೇ ತಿಂಗಳಲ್ಲಿ, ಮೊದಲ ಔಷಧಿ ಹೊಡೆಯುವ ಮುಂಚೆ, ಪೂರ್ತಿ ತೊಳೆದು ವ್ಯಾಕ್ಸ್ ಹಚ್ಚಿ. ಮೈಲುತುತ್ತ, ಗೊಬ್ಬರ ಸಾಗಿಸಿದ ದಿನ ಎಷ್ಟೇ ಹೊತ್ತಾಗಿರಲಿ, ಪುಡಿ ಗುಡಿಸಿ ತಳಕ್ಕೆ ನೀರು ಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚಕ್ರದ ಕಮಾನಿನ ಕೆಸರು ಬಿಡಿಸಿ. ಮಳೆ ಹಿಂದೆ ಸರಿದ ಮೇಲೆ, ಕಾಫಿ ಕೊಯ್ಲು ಅಡಿಕೆ ಕೊಯ್ಲು ಜೋರಾಗುವ ಮುಂಚೆ, ಇನ್ನೊಮ್ಮೆ ಪೂರ್ತಿ ತೊಳೆದು ತಳವನ್ನು ಟಾರ್ಚ್ ಹಾಕಿ ನೋಡಿ. ಕಾಸಿನಗಲದ ತುಕ್ಕು ಕಂಡರೆ ಆಗಲೇ ಉಜ್ಜಿ ಪ್ರೈಮರ್ ಹಚ್ಚಿದರೆ ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಮಳೆಗಾಲಕ್ಕೆ ಬಿಟ್ಟರೆ ಅದು ಅಂಗೈ ಅಗಲವಾಗಿರುತ್ತದೆ.