ಬೀದಿಯ ಹೆಸರಿಲ್ಲದ ಊರಿನ ವಿಳಾಸ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಯ ಗ್ರಾಮಗಳಿಗೆ ಬರುವ ಕಾಗದಗಳ ಮೇಲೆ ಮನೆಯ ಸಂಖ್ಯೆ ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಆದರೆ ತಂದೆಯ ಹೆಸರು, ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು ಎಂಬ ಅನುಕ್ರಮವು ತಪ್ಪುವುದು ಅಪರೂಪ, ಬೀದಿಯ ಹೆಸರಿರಬೇಕಾದ ಎಡೆಯಲ್ಲಿ ‘ದೇವಸ್ಥಾನದ ಹತ್ತಿರ’ ಎಂದಿದ್ದರೆ ಸಾಕು. ಇಂತಹ ವಿಳಾಸವು ಗಣಕದ ನಕಾಶೆಯೊಳಗೆ ಹೇಗೆ ಪ್ರವೇಶಿಸೀತೆಂಬ ಕುತೂಹಲವೇ ನನ್ನನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನತ್ತ ಸೆಳೆಯಿತು.

ಇಂಗ್ಲೆಂಡಿನ ಸ್ಟೀವ್ ಕೋಸ್ಟ್ 2004ರಲ್ಲಿ ಆರಂಭಿಸಿದ ಈ ನಕಾಶೆಯನ್ನು ಯಾರಾದರೂ ತಿದ್ದಬಹುದು, ಯಾರಾದರೂ ಬಳಸಬಹುದು. ಸರ್ಕಾರಗಳು ಬಿಡುಗಡೆ ಮಾಡಿದ ವಿಳಾಸಗಳನ್ನು ಕೋಟಿಗಟ್ಟಲೆಯಾಗಿ ಒಂದೆಡೆ ಕೂಡಿಡುವ ಓಪನ್‌ಅಡ್ರೆಸೆಸ್ ಹುಟ್ಟಿದ್ದು ಅದಕ್ಕೆ ಹತ್ತು ವರ್ಷ ತರುವಾಯ. ಫ್ರಾನ್ಸ್ ತನ್ನ ರಾಷ್ಟ್ರೀಯ ವಿಳಾಸಕೋಶವನ್ನು 2015ರಲ್ಲಿ ತೆರೆದಿಟ್ಟಿತು. ನಮ್ಮಲ್ಲಿ ಸುಲಭವಾಗಿ ದೊರೆಯುವುದು 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡಿನ ಪಟ್ಟಿ. ದೊಡ್ಡಬಳ್ಳಾಪುರದ 561203 ಎಂಬ ಸಂಖ್ಯೆಯು ಬಟವಾಡೆಯ ಸೀಮೆಯನ್ನು ಸೂಚಿಸಬಲ್ಲುದೇ ಹೊರತು ಮನೆಯ ಬಾಗಿಲನ್ನಲ್ಲ.

ನನ್ನ ಮನಸ್ಸು ನಿಂತುಹೋದದ್ದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಒಂದು ಕಿರುನಿಯಮದಲ್ಲಿ. ಮನೆಸಂಖ್ಯೆಗೊಂದು, ಬೀದಿಗೊಂದು ಅಂಕಣವಿರುವಂತೆ, ಬೀದಿಗೆ ಹೆಸರೇ ಇಲ್ಲದೆಡೆ ಸಂಖ್ಯೆಯನ್ನು ನೇರವಾಗಿ ಊರಿಗೇ ಸೇರಿಸಲು ‘ಸ್ಥಳ’ವೆಂಬ ಅಂಕಣವೂ ಅಲ್ಲಿದೆ, ದೂರದ ಯಾರೋ ನಮ್ಮ ಹಳ್ಳಿಗಳನ್ನು ನೆನೆದೇ ಇದನ್ನು ರಚಿಸಿದರೇನೋ ಎಂದು ಕ್ಷಣಕಾಲ ಭ್ರಮೆಯಾಯಿತು. ಆದರೆ ಅಡಚಣೆಯೊಂದು ಉಳಿಯುತ್ತದೆ. ಹಳ್ಳಿಯ ವಿಳಾಸ ಆರಂಭವಾಗುವುದೇ ವ್ಯಕ್ತಿಯ ಹೆಸರಿನಿಂದ, ನಕಾಶೆಯಾದರೋ ನಿವಾಸಿಗಳ ಹೆಸರನ್ನು ಬರೆಯಗೊಡದು. ಅದು ನ್ಯಾಯವೂ ಹೌದು. ಹಾಗಾಗಿ ದೇವಸ್ಥಾನ, ಅರಳಿಕಟ್ಟೆ, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿಗಳನ್ನು ಮೊದಲು ಗುರುತಿಸಿ, ‘ಹತ್ತಿರ’ ಎಂಬುದಕ್ಕೆ ಆಧಾರವನ್ನು ಒದಗಿಸುವುದೇ ಇಲ್ಲಿಯ ವಿಳಾಸಕಾರ್ಯದ ಮೊದಲ ಹೆಜ್ಜೆಯೆಂದು ನನಗೆ ತೋರುತ್ತದೆ.

ವಿಳಾಸಗಳ ದೊಡ್ಡ ಪಟ್ಟಿ ಸಿಕ್ಕಿತೆಂದು ಅದನ್ನು ನಕಾಶೆಗೆ ಒಮ್ಮೆಲೇ ಸುರಿಯಲಾಗದು. ಪರವಾನಗಿಯನ್ನು ಪರಿಶೀಲಿಸಿ, ಸ್ಥಳೀಯ ನಕಾಶೆಗಾರರೊಡನೆ ಚರ್ಚಿಸಿ, ಈಗಾಗಲೇ ಇರುವುದರೊಡನೆ ತಾಳೆನೋಡಿದ ಮೇಲಷ್ಟೇ ಸೇರಿಸತಕ್ಕದ್ದು. ಇಲ್ಲವಾದರೆ ರೋಮನ್ ಲಿಪಿಯಲ್ಲಿ ಮೂರು ಬಗೆಯಾಗಿ ಬರೆಯಬಹುದಾದ ತೂಬಗೆರೆಯನ್ನು ಯಂತ್ರವು ಮೂರು ಊರೆಂದೇ ಎಣಿಸೀತು. ವಿಳಾಸದಲ್ಲಿ ತಾಲ್ಲೂಕಿನ ನಂತರ ಬರುವ ಜಿಲ್ಲೆಯ ಹೆಸರೂ ಸ್ಥಿರವಲ್ಲ: 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದು ಗ್ರಾಮಾಂತರ ಜಿಲ್ಲೆಯಾಯಿತು, ಅದನ್ನು ಬೆಂಗಳೂರು ಉತ್ತರವೆಂದು ಕರೆಯಲು 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ಒಪ್ಪಿತು.

ಅದೇ ವರ್ಷ ಅಂಚೆ ಇಲಾಖೆ ಹೊರತಂದ ಡಿಜಿಪಿನ್, ಅಕ್ಷಾಂಶ ರೇಖಾಂಶಗಳ ಬಲದಿಂದ, ಸುಮಾರು ನಾಲ್ಕು ಮೀಟರಿನ ಪ್ರತಿಯೊಂದು ಚೌಕಕ್ಕೂ ಹತ್ತು ಅಕ್ಷರಾಂಕಗಳ ಸಂಕೇತವನ್ನು ನೀಡುತ್ತದೆ. ಅದಕ್ಕೆ ಯಾರನ್ನೂ ವಿಚಾರಿಸಬೇಕಾಗಿಲ್ಲ. ಆದರೆ ಎರಡು ದೇವಸ್ಥಾನಗಳಿರುವ ಊರಿನಲ್ಲಿ ಕಾಗದದ ಮೇಲಿನ ‘ದೇವಸ್ಥಾನ’ ಯಾವುದೆಂಬುದನ್ನು ಬಲ್ಲವರು ಅಂಚೆಯಣ್ಣಂದಿರು. ಅವರು ನಿವೃತ್ತರಾಗುವ ಮೊದಲು ಹೋಬಳಿಯ ಪ್ರೌಢಶಾಲೆಯ ಮಕ್ಕಳು ಮೊಬೈಲು ಹಿಡಿದು ಒಂದು ಬೇಸಗೆ ಅವರ ಜೊತೆಗೆ ಸುತ್ತಬಾರದೇಕೆ?