ಮರಳಿ ಬಂದವರಿಗೆ ಎಲ್ಲಿದೆ ಜಾಗ?

ವಿದೇಶದಲ್ಲಿ ಉನ್ನತ ವ್ಯಾಸಂಗ ಎಂದೊಡನೆ ನಮ್ಮ ಮಧ್ಯಮ ವರ್ಗದ ಕಣ್ಣ ಮುಂದೆ ನಿಲ್ಲುವುದು ಎಂಜಿನಿಯರಿಂಗ್, ಕಂಪ್ಯೂಟರ್ ಇಲ್ಲವೆ ಎಂಬಿಎ. ಅಲ್ಲಿಗೆ ಹೋಗಿ ಶಿಕ್ಷಣಶಾಸ್ತ್ರ ಓದುತ್ತೇನೆಂದು ಶಾಲಾ ಶಿಕ್ಷಕಿಯೊಬ್ಬಳು ಹೇಳಿದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಬಿ.ಇಡಿ. ಆಗಿದೆ, ಪಾಠ ಹೇಳಲು ಬರುತ್ತದೆ, ಇನ್ನೇನು ಕಲಿಯುವುದು ಉಳಿದಿದೆ ಎಂಬುದು ಅವರ ಸಂದೇಹ. ಪಾಠ ಹೇಳುವುದು ಒಂದು ವಿದ್ಯೆ, ಶಾಲೆಗಳ ವ್ಯವಸ್ಥೆಯನ್ನು ಅರಿಯುವುದು ಇನ್ನೊಂದು ವಿದ್ಯೆ ಎಂಬ ತಿಳಿವಳಿಕೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಆದರೆ ಮನೆಯವರ ಸಂದೇಹದ ಹಿಂದೆ ಮತ್ತೂ ಗಂಭೀರವಾದ ಪ್ರಶ್ನೆಯೊಂದಿದೆ. ಅದಕ್ಕೆ ಉತ್ತರ ಹೇಳಬೇಕಾದದ್ದು ಸರ್ಕಾರ.

ಬಾಗಲಕೋಟೆಯಿಂದ ಕಲಾದಗಿಗೆ ಹೋಗುವ ದಾರಿಯಲ್ಲಿರುವ ತುಳಸಿಗೇರಿ ನನ್ನ ಹುಟ್ಟೂರು. ಶನಿವಾರ ಹನುಮಪ್ಪನ ದರ್ಶನಕ್ಕೆ ಜನ ಸೇರುವ ಊರೆಂದೇ ಹೊರಗಿನವರಿಗೆ ಅದರ ಪರಿಚಯ. ನಿವೃತ್ತನಾದ ಮೇಲೆ ನಾನು ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಮಕ್ಕಳ ಅರ್ಜಿ, ಪ್ರಮಾಣಪತ್ರ, ಸಾಲದ ಕಾಗದ ಹಿಡಿದು ಬರುವುದು ವಾಡಿಕೆ. ಕಳೆದ ವರ್ಷ ಬಂದವನು ದೂರದ ಸಂಬಂಧದಲ್ಲಿ ತಮ್ಮನಾಗುವ ಒಬ್ಬ ರೈತ. ಮಗಳು ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಮೂರು ವರ್ಷದಿಂದ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಳೆ. ಅಂತರರಾಷ್ಟ್ರೀಯ ಶಿಕ್ಷಣ ವಿಷಯದಲ್ಲಿ ಒಂದು ವರ್ಷದ ಎಂ.ಎ.ಗೆ ಲಂಡನ್ನಿನ ವಿಶ್ವವಿದ್ಯಾಲಯವೊಂದು ಆಕೆಗೆ ಪ್ರವೇಶ ಕೊಟ್ಟಿತ್ತು, ವಿದ್ಯಾರ್ಥಿವೇತನ ಕೊಟ್ಟಿರಲಿಲ್ಲ. “ಅಣ್ಣಾರ, ನಾಕ ಎಕರೆ ದಾಳಿಂಬ್ರಿ ಹೊಲ ಐತಿ. ಬ್ಯಾಂಕಿನಾಗ ಇಟ್ರ ಆಗೂದಿಲ್ಲೇನ್ರಿ?” ಎಂದು ತಂದೆ ಕೇಳಿದ. ಮಗಳು ಕೇಳಿದ್ದು ಬೇರೆ: “ದೊಡ್ಡಪ್ಪಾರ, ಓದಿ ಬಂದ ಮ್ಯಾಲ ಇಲ್ಲೆ ನನಗ ಏನ ಕೆಲಸ ಸಿಗ್ತೈತ್ರಿ?” ತಂದೆಯ ಪ್ರಶ್ನೆಗೆ ಕಾಗದ, ಪೆನ್ನು ಸಾಕಾಗಿತ್ತು. ಮಗಳ ಪ್ರಶ್ನೆಗೆ, ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೂ ನೇರ ಉತ್ತರ ಸಿಗಲಿಲ್ಲ.

ಮೊದಲು ವಿಷಯವೇನೆಂದು ನೋಡೋಣ. ಹೆಸರು ಕೇಳಿದವರಿಗೆ ತಕ್ಷಣ ನೆನಪಾಗುವುದು ಊರೂರಿನ ‘ಇಂಟರ್‌ನ್ಯಾಷನಲ್ ಸ್ಕೂಲ್’ ಫಲಕಗಳು. ಈ ಅಧ್ಯಯನಕ್ಕೂ ಆ ಫಲಕಗಳಿಗೂ ಸಂಬಂಧ ಅಷ್ಟಕ್ಕಷ್ಟೆ. ಬೇರೆ ಬೇರೆ ದೇಶಗಳು ಮಕ್ಕಳಿಗೆ ಹೇಗೆ ಕಲಿಸುತ್ತವೆ, ಶಿಕ್ಷಕರನ್ನು ಹೇಗೆ ಸಿದ್ಧಪಡಿಸುತ್ತವೆ, ಹಣವನ್ನು ಎಲ್ಲಿ ವ್ಯಯಿಸುತ್ತವೆ ಎಂಬುದನ್ನು ಹೋಲಿಸಿ ನೋಡುವ ಶಾಸ್ತ್ರ ಇದು. 1817ರಲ್ಲಿ ಫ್ರಾನ್ಸಿನ ಮಾರ್ಕ್ ಆಂಟನಿ ಜೂಲಿಯನ್ ಇಂಥದೊಂದು ಅಧ್ಯಯನದ ರೂಪುರೇಷೆಯನ್ನು ಪ್ರಕಟಿಸಿದ. 1900ರಲ್ಲಿ ಇಂಗ್ಲೆಂಡಿನ ಮೈಕೆಲ್ ಸ್ಯಾಡ್ಲರ್, ಒಂದು ದೇಶದ ಶಾಲಾ ಪದ್ಧತಿಯನ್ನು ಅದರ ಸಮಾಜದಿಂದ ಬಿಡಿಸಿ ತಂದು ಇನ್ನೊಂದು ನೆಲದಲ್ಲಿ ನೆಡಲಾಗದು ಎಂದು ವಾದಿಸಿದರು. ಮುಂದೆ, 1917ರಲ್ಲಿ ನೇಮಕವಾದ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗಕ್ಕೆ ಅಧ್ಯಕ್ಷರಾಗಿ ಬಂದವರು ಇದೇ ಸ್ಯಾಡ್ಲರ್. ಯುನೆಸ್ಕೊ 1963ರಲ್ಲಿ ಪ್ಯಾರಿಸ್ಸಿನಲ್ಲಿ ಶೈಕ್ಷಣಿಕ ಯೋಜನೆಯ ಅಂತರರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ.

ಈಗ ತಂದೆಯ ಪ್ರಶ್ನೆಗೆ ಬರೋಣ. ಲಂಡನ್ನಿನ ಹೆಸರಾಂತ ಸಂಸ್ಥೆಗಳಲ್ಲಿ ಇಂಥ ಕೋರ್ಸಿಗೆ ವಿದೇಶಿ ವಿದ್ಯಾರ್ಥಿಗಳ ಶುಲ್ಕ 30 ಸಾವಿರ ಪೌಂಡಿನ ಆಸುಪಾಸಿನಲ್ಲಿದೆ. ವೀಸಾ ನಿಯಮದಂತೆ ತಿಂಗಳಿಗೆ ಸುಮಾರು 1,500 ಪೌಂಡಿನಂತೆ 9 ತಿಂಗಳ ಜೀವನವೆಚ್ಚವನ್ನು ಖಾತೆಯಲ್ಲಿ ತೋರಿಸಬೇಕು. ಪೌಂಡಿಗೆ 115 ರೂಪಾಯಿ ಹಿಡಿದರೂ ಇವೆರಡೇ 50 ಲಕ್ಷ ರೂಪಾಯಿ ಮುಟ್ಟುತ್ತವೆ. ವಿಮಾನ, ವೀಸಾ, ಆರೋಗ್ಯ ಶುಲ್ಕಗಳು ಬೇರೆ. ಇದರಲ್ಲಿ 40 ಲಕ್ಷವನ್ನು ಶೇ 11ರ ಬಡ್ಡಿಗೆ ಸಾಲ ತಂದು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 55 ಸಾವಿರ ರೂಪಾಯಿ. ಈ ಹುಡುಗಿಯ ಈಗಿನ ಸಂಬಳ ಅದರ ಅರ್ಧವೂ ಇಲ್ಲ. ಓದು ಮುಗಿದ ಮೇಲೆ ಬ್ರಿಟನ್ನಿನಲ್ಲೇ ಎರಡು ವರ್ಷ ದುಡಿದು ಸಾಲ ಇಳಿಸಬಹುದೆಂದು ಏಜೆಂಟರು ಹೇಳುತ್ತಾರೆ. ಆದರೆ 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ ಆ ಅವಧಿಯನ್ನು 18 ತಿಂಗಳಿಗೆ ಇಳಿಸುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿದೆ. ಇನ್ನೊಂದು ದೇಶದ ವಲಸೆ ನೀತಿಯನ್ನು ನಂಬಿ ಹೊಲ ಒತ್ತೆ ಇಡುವುದು ಮಳೆ ನಂಬಿ ಬಿತ್ತುವುದಕ್ಕಿಂತಲೂ ಅಪಾಯದ ವ್ಯವಹಾರ.

ಹಾಗೆ ಒತ್ತೆ ಇಡಲು ಹೋದರೂ ಬ್ಯಾಂಕು ಸುಲಭವಾಗಿ ಒಪ್ಪುವುದಿಲ್ಲ. 7.5 ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಆದರೆ ವಸೂಲಿಗಾಗಿ ಅವು ಅವಲಂಬಿಸಿರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೈತನ ಹೊಲ ಹರಾಜಾಗಬಾರದೆಂಬ ಸದುದ್ದೇಶ ಅದರ ಹಿಂದಿದೆ. ಪರಿಣಾಮ ಮಾತ್ರ ವಿಚಿತ್ರ. ನವನಗರದಲ್ಲಿ ಮನೆ ಇರುವ ನೌಕರನ ಮಗನಿಗೆ ಸಾಲ ದೊರೆಯುತ್ತದೆ. ನಾಲ್ಕು ಎಕರೆ ನೀರಾವರಿ ಹೊಲದ ರೈತನ ಮಗಳಿಗೆ ದೊರೆಯುವುದಿಲ್ಲ. ಆತನಿಗೆ ಉಳಿಯುವ ದಾರಿ ಎರಡೇ: ಹೊಲ ಮಾರುವುದು, ಇಲ್ಲವೆ ಹೆಚ್ಚು ಬಡ್ಡಿಯ ಖಾಸಗಿ ಸಾಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಭದ್ರತೆ ಇಲ್ಲದೆ ಸಾಲ ಕೊಡಿಸುತ್ತದೆ. ಆದರೆ ಅದು ದೇಶದೊಳಗಿನ ಆಯ್ದ ಸಂಸ್ಥೆಗಳ ಓದಿಗೆ ಮಾತ್ರ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿರುವ ಕಡಿತವೂ ತೆರಿಗೆ ಕಟ್ಟುವವರಿಗಷ್ಟೇ ಪ್ರಯೋಜನಕಾರಿ.

ವಿದ್ಯಾರ್ಥಿವೇತನಗಳಿಲ್ಲವೆಂದಲ್ಲ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಪಾರಂಪರಿಕ ಕುಶಲಕರ್ಮಿಗಳ ಮಕ್ಕಳಿಗೆ ಮೀಸಲು. ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ಭಾರತೀಯ ಸಂಸ್ಕೃತಿ, ಇತಿಹಾಸ, ಸಮಾಜಗಳನ್ನು ಕುರಿತ ವಿಷಯಗಳನ್ನು 2022ರ ಮಾರ್ಗಸೂಚಿ ಅದರಿಂದ ಹೊರಗಿಟ್ಟಿತು. ನಮ್ಮ ರಾಜ್ಯದ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ವಿದ್ಯಾರ್ಥಿಗಳಿಗೆ ನೆರವಾಗಿದೆ. ಬ್ರಿಟನ್ ಕೊಡುವ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ಸ್ವಂತ ಹಣದಲ್ಲಿ ಓದಲಾಗದವರಿಗೆಂದೇ ಕಾಮನ್‌ವೆಲ್ತ್ ಷೇರ್ಡ್ ವಿದ್ಯಾರ್ಥಿವೇತನವಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ವಿಷಯದಲ್ಲೇ ಎಂ.ಎ. ಇದೆ, ಕುಟುಂಬದ ಆದಾಯ ನೋಡಿ ನೆರವನ್ನೂ ಕೊಡುತ್ತಾರೆ. ಒಂದು ವರ್ಷ ತಡೆದು ಈ ಬಾಗಿಲುಗಳನ್ನೆಲ್ಲ ತಟ್ಟು, ಅಲ್ಲಿಯವರೆಗೆ ಹೊಲಕ್ಕೆ ಕೈ ಹಚ್ಚಬೇಡಿ ಎಂಬುದು ತಂದೆ–ಮಗಳಿಗೆ ನಾನು ಕೊಟ್ಟ ಸಲಹೆ. ಆಕೆ ಪ್ರವೇಶವನ್ನು ಮುಂದೂಡಿದಳು; ಈಗ ಶಾಲೆ ಬಿಟ್ಟ ಮೇಲೆ ಸಂಜೆ ಅರ್ಜಿ ಬರೆಯುತ್ತಾಳೆ.

ಉಳಿದದ್ದು ಮಗಳ ಪ್ರಶ್ನೆ. ಅದು ನೂರು ವರ್ಷಕ್ಕಿಂತ ಹಳೆಯದು. 1913ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಂಬೇಡ್ಕರ್ ಅವರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. 1915ರಲ್ಲಿ ಅವರಿಗೆ ಎಂ.ಎ. ಪದವಿ ದೊರೆಯಿತು, 1917ರಲ್ಲಿ ಕರಾರಿನಂತೆ ಬರೋಡೆಗೆ ಬಂದರು. ಅಲ್ಲಿ ಅವರಿಗೆ ಹುದ್ದೆ ಇತ್ತು. ತಲೆಯ ಮೇಲೊಂದು ಸೂರು ಸಿಗಲಿಲ್ಲ. ಜಾತಿಯ ಕಾರಣಕ್ಕೆ ವಸತಿಗೃಹದಿಂದ ಹೊರದಬ್ಬಿಸಿಕೊಂಡು ಮುಂಬಯಿಗೆ ಹಿಂದಿರುಗಬೇಕಾಯಿತು. ವಿದ್ಯಾರ್ಥಿ ಮಾತು ಉಳಿಸಿಕೊಂಡಿದ್ದರು. ಉಳಿಸಿಕೊಳ್ಳದೆ ಹೋದದ್ದು ಊರು. ಕಳಿಸುವವರ ಹೊಣೆ ವಿದ್ಯಾರ್ಥಿವೇತನದ ಕೊನೆಯ ಕಂತಿಗೆ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನಮ್ಮ ಕಡೆಯದೇ ಇನ್ನೊಂದು ಉದಾಹರಣೆ ಇದೆ, ಅದು ಸಮಾಧಾನದ್ದು. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದರು. ಮರಳಿ ಬಂದಾಗ ಅವರ ವಿದ್ಯೆಗೆ ಸ್ಥಾನವಿತ್ತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಾಠ, ಬಳಿಕ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ, ಮುಂದೆ ಆ ಇಲಾಖೆಯ ನಿರ್ದೇಶಕತ್ವ. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. ಧಾರವಾಡದ ಆ ಗುಡ್ಡದ ಮೇಲಿನ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರ ಓದಿದ ನಾನು, ಒಬ್ಬರ ವಿದೇಶದ ಓದು ಸಾವಿರಾರು ಹಳ್ಳಿಯ ಹುಡುಗರ ಪದವಿಯಾಗಿ ಮಾರ್ಪಟ್ಟದ್ದನ್ನು ಕಣ್ಣಾರೆ ಕಂಡವನು. ಅವರ ಹೆಸರಿನ ಪ್ರತಿಷ್ಠಾನದ ಫೆಲೋಶಿಪ್ ಮೂಲಕ ಧಾರವಾಡದ ವಿದ್ಯಾರ್ಥಿಗಳು ಅವರು ಓದಿದ ಕಾಲೇಜಿಗೇ ಹೋಗಿಬಂದಿದ್ದಾರೆ.

ಅರ್ಥಶಾಸ್ತ್ರದಲ್ಲಿ ಶಿಕ್ಷಣದ ಪ್ರತಿಫಲವನ್ನು ಎರಡಾಗಿ ಎಣಿಸುತ್ತಾರೆ: ಓದಿದವನಿಗೆ ಸಿಗುವುದು ಒಂದು, ಸಮಾಜಕ್ಕೆ ಸಿಗುವುದು ಇನ್ನೊಂದು. ಕಂಪ್ಯೂಟರ್ ಓದಿದವನಿಗೆ ಸಂಬಳದ ರೂಪದಲ್ಲಿ ಮೊದಲನೆಯದು ಬೇಗ ಕೈಸೇರುತ್ತದೆ. ಶಿಕ್ಷಣಶಾಸ್ತ್ರದಲ್ಲಿ ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು. ಹಾಗಿರುವಾಗ ಅದರ ಪೂರ್ತಿ ವೆಚ್ಚವನ್ನು ಒಂದು ರೈತ ಕುಟುಂಬದ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಬಾಗಲಕೋಟೆ ಜಿಲ್ಲೆಯದು ಶೇ 68.82. ಇಂಥ ಜಿಲ್ಲೆಗೆ ಶಾಲೆಗಳ ಒಳಗುಟ್ಟು ಬಲ್ಲ ತಜ್ಞರ ಅಗತ್ಯವಿದೆ.

ಆಕೆ ಅಲ್ಲಿ ಕಲಿತು ಇಲ್ಲಿ ಮಾಡುವುದೇನು ಎಂಬ ಪ್ರಶ್ನೆಗೆ ನಮ್ಮದೇ ‘ನಲಿ–ಕಲಿ’ ಉತ್ತರ ಹೇಳುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳ ಕಾರ್ಡು, ಕಲಿಕಾ ಏಣಿಗಳ ಪದ್ಧತಿಯನ್ನು ನೋಡಿ ಬಂದರು. ನೋಡಿದ್ದನ್ನು ಹಾಗೆಯೇ ನಕಲು ಮಾಡದೆ ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡರು. ಯುನಿಸೆಫ್ ಬೆಂಬಲ ನೀಡಿತು. ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಋಷಿ ವ್ಯಾಲಿಯ ಇದೇ ಪದ್ಧತಿಯನ್ನು ಜರ್ಮನಿಯ ರೀಗನ್ಸ್‌ಬರ್ಗ್ ವಿಶ್ವವಿದ್ಯಾಲಯದವರೂ ಅಭ್ಯಾಸ ಮಾಡಿದ್ದಾರೆ. ಅಂದರೆ ಕಲಿಯುವ ದಾರಿ ಎರಡೂ ಕಡೆಗೆ ತೆರೆದಿದೆ. ಇನ್ನೊಂದು ಮಗ್ಗುಲನ್ನೂ ನೋಡಬೇಕು. ‘ಪಿಸಾ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ 2009ರ ಸುತ್ತಿನಲ್ಲಿ ಹಿಮಾಚಲ ಪ್ರದೇಶ ಮತ್ತು ತಮಿಳುನಾಡು ಕೊನೆಯ ಸ್ಥಾನಗಳ ಹತ್ತಿರ ನಿಂತವು. ಆ ಬಳಿಕ ಭಾರತ ಆ ಪರೀಕ್ಷೆಯಿಂದ ದೂರ ಸರಿಯಿತು. ಪ್ರಶ್ನೆಗಳು ನಮ್ಮ ಮಕ್ಕಳಿಗೆ ಹೊಂದದಿದ್ದವೇ, ನಮ್ಮ ಪಾಠಗಳೇ ಹಿಂದಿದ್ದವೇ? ಇದನ್ನು ವಿಂಗಡಿಸಿ ಹೇಳಬಲ್ಲವರು ಜಿಲ್ಲೆಗೊಬ್ಬರಾದರೂ ಇರಬೇಡವೇ?

ಅಂಥವರನ್ನು ಕೂರಿಸುವ ಜಾಗ ಇಲ್ಲದಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಬಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು, ಇವೆ. ನಮ್ಮ ಜಿಲ್ಲೆಯದು ಇಳಕಲ್ಲಿನಲ್ಲಿದೆ. ಶಿಕ್ಷಕರಿಗೆ ತರಬೇತಿ, ಸಂಶೋಧನೆ, ಪಠ್ಯದ ಪ್ರಯೋಗ ಅವುಗಳ ಕೆಲಸ. ಆದರೆ ಅಲ್ಲಿನ ಹುದ್ದೆಗಳನ್ನು ಇಲಾಖೆಯೊಳಗಿನ ಬಡ್ತಿ, ವರ್ಗಾವಣೆಗಳಿಂದ ತುಂಬುವುದೇ ರೂಢಿ. ವಿಷಯತಜ್ಞರು ನೇರವಾಗಿ ಒಳಬರುವ ಬಾಗಿಲು ಕಿರಿದು. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಮಾನ್ಯತೆ ಕೊಡುವ ಒಪ್ಪಂದಕ್ಕೆ 2022ರ ಜುಲೈನಲ್ಲಿ ಭಾರತ ಸಹಿ ಹಾಕಿದೆ. ಆದರೂ ಶಾಲೆಯ ನೇಮಕಾತಿಯಲ್ಲಿ ಎಣಿಕೆಗೆ ಬರುವುದು ಬಿ.ಇಡಿ. ಮತ್ತು ಅರ್ಹತಾ ಪರೀಕ್ಷೆ. ಲಂಡನ್ನಿನ ಎಂ.ಎ. ಹೊತ್ತು ಬಂದವಳು ಪುನಃ ಅದೇ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

ಆಡಳಿತದೊಳಗೆ ಇದ್ದವನಾಗಿ ಒಂದು ಮಾತು ಹೇಳಲೇಬೇಕು. ಕೇಂದ್ರ ಸೇವೆಯ ಅಧಿಕಾರಿಗಳು ಸರ್ಕಾರದ ವೆಚ್ಚದಲ್ಲಿ ವಿದೇಶದ ವಿಶ್ವವಿದ್ಯಾಲಯಗಳಿಗೆ ಹೋಗಿ ಸಾರ್ವಜನಿಕ ನೀತಿ ಓದಿ ಬರುವ ಯೋಜನೆ ಬಹಳ ವರ್ಷಗಳಿಂದ ಇದೆ. ಮರಳಿ ಬಂದು ಸೇವೆ ಸಲ್ಲಿಸುವ ಮುಚ್ಚಳಿಕೆ ಬರೆದುಕೊಡುತ್ತಾರೆ. ಹುದ್ದೆ ಅವರಿಗಾಗಿ ಕಾದಿರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಅಧಿಕಾರಿಗೆ ಸಲ್ಲುವುದು ಶಿಕ್ಷಕನಿಗೆ ಏಕೆ ಸಲ್ಲಬಾರದು? ದೆಹಲಿ, ಪಂಜಾಬ್ ಸರ್ಕಾರಗಳು ಮುಖ್ಯೋಪಾಧ್ಯಾಯರನ್ನು ಕೆಲವು ದಿನಗಳ ಮಟ್ಟಿಗೆ ಸಿಂಗಪುರಕ್ಕೆ ಕಳಿಸಿದ್ದುಂಟು. ಪ್ರವಾಸದಿಂದ ಉತ್ಸಾಹ ಬರುತ್ತದೆ; ಪರಿಣತಿಗೆ ವರ್ಷದ ಓದು ಬೇಕು.

ಕರ್ನಾಟಕ ಮಾಡಬೇಕಾದದ್ದು ದೊಡ್ಡ ವೆಚ್ಚದ ಕೆಲಸವಲ್ಲ. ಐದಾರು ವರ್ಷ ತರಗತಿಯಲ್ಲಿ ದುಡಿದ ಶಿಕ್ಷಕರಲ್ಲಿ, ಸರ್ಕಾರಿ–ಖಾಸಗಿ ಭೇದವಿಲ್ಲದೆ, ಜಿಲ್ಲೆಗೊಬ್ಬರನ್ನು ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಆರಿಸಿ ಶಿಕ್ಷಣಶಾಸ್ತ್ರದ ಉನ್ನತ ಓದಿಗೆ ಕಳಿಸಲಿ. ದೇಶದೊಳಗಾದರೂ ಸರಿ, ಹೊರಗಾದರೂ ಸರಿ. ಪ್ರತಿಯಾಗಿ ಐದು ವರ್ಷ ತನ್ನ ಜಿಲ್ಲೆಯ ಡಯಟ್‌ನಲ್ಲಿ ಕೆಲಸ ಮಾಡುವ ಕರಾರು ಬರೆಸಿಕೊಳ್ಳಲಿ. ಆ ಹುದ್ದೆಯನ್ನು ಆಯ್ಕೆಯ ದಿನವೇ ಗೊತ್ತುಪಡಿಸಲಿ. ಜಿಲ್ಲೆಗೆ ವರ್ಷಕ್ಕೊಬ್ಬರೆಂದರೂ ಮೂವತ್ತೊಂದು ಜನ. ಒಬ್ಬರಿಗೆ 50 ಲಕ್ಷದಂತೆ ಎಲ್ಲರೂ ಲಂಡನ್ನಿಗೇ ಹೋದರೂ ವೆಚ್ಚ 15.5 ಕೋಟಿ ರೂಪಾಯಿ. ಸಾವಿರಾರು ಕೋಟಿಯ ಶಿಕ್ಷಣ ಬಜೆಟ್ಟಿನಲ್ಲಿ ಇದು ಎಷ್ಟರ ಮೊತ್ತ?

ಅಲ್ಲಿಯವರೆಗೆ ಪಾಲಕರಿಗೆ ನನ್ನ ವಿನಂತಿ ಇಷ್ಟೆ. ಶಿಕ್ಷಣಶಾಸ್ತ್ರ ಓದುತ್ತೇನೆನ್ನುವ ಮಕ್ಕಳನ್ನು ಹುಚ್ಚರೆನ್ನಬೇಡಿ. ಅವರಿಗಾಗಿ ಹೊಲವನ್ನೂ ಮಾರಬೇಡಿ. ಸರ್ಕಾರಕ್ಕೆ ಹೇಳುವುದೂ ಇಷ್ಟೆ. ತುಳಸಿಗೇರಿಯಿಂದ ಲಂಡನ್ನಿನ ದಾರಿಯನ್ನು ಆ ಹುಡುಗಿ ತಾನೇ ಹುಡುಕಿಕೊಳ್ಳುತ್ತಾಳೆ. ಲಂಡನ್ನಿನಿಂದ ಇಳಕಲ್ಲಿನ ದಾರಿಯನ್ನು ಮಾಡಿಕೊಡಬೇಕಾದವರು ನೀವು.